ಚಿರೇಕಲ್ಲಿನ ಗೋಡೆಗೆ ಯಾವ ಡ್ರಿಲ್? ಮೂರನ್ನೂ ಹಿಡಿದು ನೋಡಿದ ಮೇಲೆ

ಚಿರೇಕಲ್ಲಿನ (ಜಂಬಿಟ್ಟಿಗೆಯ) ಮನೆಯವರು ರೋಟರಿ ಹ್ಯಾಮರ್‌ಗೆ, ಅಂದರೆ ಕಾಂಕ್ರೀಟ್ ಕೊರೆಯುವ ದೊಡ್ಡ ಡ್ರಿಲ್ಲಿಗೆ, ದುಡ್ಡು ಹಾಕುವ ಮೊದಲು ಇದನ್ನೊಮ್ಮೆ ಓದಿ. ಪೂರ್ತಿ ಕಾಂಕ್ರೀಟ್ ಗೋಡೆಯ ಫ್ಲ್ಯಾಟಿನಲ್ಲಿ ಇರುವವರಿಗೆ ಇದರಿಂದ ಜಾಸ್ತಿ ಉಪಯೋಗ ಆಗಲಿಕ್ಕಿಲ್ಲ. ನನ್ನ ಆಯ್ಕೆ ಮಾಮೂಲಿ ವಯರಿನ ಇಂಪ್ಯಾಕ್ಟ್ ಡ್ರಿಲ್. ಅಂಗಡಿಯವರು ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ ಇಟ್ಟು, ಕೇಳಿದರೆ ಮಾತ್ರ ತೆಗೆದು ತೋರಿಸುತ್ತಾರಲ್ಲ, ಅದೇ. 500 ವ್ಯಾಟ್, 10 ಮಿಲಿಮೀಟರ್ ಚಕ್ (ಕೊರೆಯುವ ಕಡ್ಡಿಯನ್ನು, ಅಂದರೆ ಬಿಟ್ಟನ್ನು, ಹಿಡಿಯುವ ಬಾಯಿ). ಮೂರು ಸಾವಿರದೊಳಗೆ ಬಂತು.

ನಮ್ಮ ಮನೆ ಕಾರವಾರದಲ್ಲಿ, ಸಮುದ್ರದ ಗಾಳಿ ನೇರ ಬಡಿಯುವ ಜಾಗದಲ್ಲಿದೆ. ಹಳೆಯ ಭಾಗಕ್ಕೆ ಹಂಚು, ಹೊಸ ಭಾಗಕ್ಕೆ ಸ್ಲ್ಯಾಬು. ಗೋಡೆ ಮಾತ್ರ ಎಲ್ಲ ಕಡೆ ಚಿರೇಕಲ್ಲೇ. ನಮ್ಮನೆಯವರು ಹಡಗಿನ ಕೆಲಸದವರು, ವರ್ಷದಲ್ಲಿ ಅರ್ಧ ಕಾಲ ಮನೆಯಲ್ಲಿ ಇರುವುದಿಲ್ಲ. ಒಂದು ಕೊಕ್ಕೆ ಹಾಕಿಸಲು ಯಾರನ್ನಾದರೂ ಕರೆದರೆ "ನಾಳೆ ಬರ್ತೆ ಅಕ್ಕಾ" ಅನ್ನುತ್ತಾರೆ. ಆ ನಾಳೆ ಯಾವತ್ತು ಬರುತ್ತದೋ ಗೊತ್ತಿಲ್ಲ. ಹಾಗಾಗಿ ಮನೆಯ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ.

ಹೋಲಿಸಲು ಮೂರು ಮಷಿನ್ ಸಿಕ್ಕವು. ಒಂದು ನನ್ನದು. ಎರಡನೆಯದು ಅಂಕೋಲೆಯ ಭಾವನ ರೋಟರಿ ಹ್ಯಾಮರ್. ಅವರದು ಕಟ್ಟಡದ ಕಂತ್ರಾಟು, ಆದ್ದರಿಂದ ಅವರ ಹತ್ತಿರ ಇರುವುದೆಲ್ಲ ದೊಡ್ಡದೇ. ಮೂರನೆಯದು ಹುಬ್ಬಳ್ಳಿಯ ಮೈದುನನ 18 ವೋಲ್ಟಿನ ಬ್ಯಾಟರಿ ಡ್ರಿಲ್. ರಜೆಗೆ ಬಂದಾಗ ತಂದು, ನಮ್ಮಲ್ಲೇ ಬಿಟ್ಟು ಹೋಗಿದ್ದ. ಎಲ್ಲ ಮಷಿನ್‌ಗಳಿಂದಲೂ ಒಂದೇ ಮನೆಯ ಗೋಡೆಗೆ ಕೆಲಸ ಮಾಡಿಸಿದ್ದೇನೆ.

ಮೊದಲು ಕಲ್ಲಿನ ವಿಷಯ. ಅದನ್ನು ಬಿಟ್ಟರೆ ಉಳಿದದ್ದು ಅರ್ಥ ಆಗುವುದಿಲ್ಲ. ಚಿರೇಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದಾಗ ಇದನ್ನೇ ಬರೆದುಕೊಂಡಿದ್ದ. ಆದರೆ ಗಟ್ಟಿ ಅಂದರೂ ಎಷ್ಟು ಗಟ್ಟಿ? ಗೋಡೆಗೆ ಬಳಸುವ ಚಿರೇಕಲ್ಲಿಗೆ ಐಎಸ್ 3620 ಅನ್ನುವ ಭಾರತೀಯ ಮಾನಕ ಇದೆ. ಅದು ಕೇಳುವ ಕನಿಷ್ಠ ಒತ್ತಡ ತಾಳುವ ಶಕ್ತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಸ್ಲ್ಯಾಬಿಗೆ ಸಾಮಾನ್ಯವಾಗಿ ಹಾಕುವ ಎಂ20 ಕಾಂಕ್ರೀಟಿಗೆ ಅದು 20. ಅಂದರೆ ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಅದೂ ಕಲ್ಲು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಳಗೆಲ್ಲ ಸುರ್ನೋಳಿ ದೋಸೆಯ ಹಾಗೆ ತೂತು. ಕೆಲವು ತೂತಿನಲ್ಲಿ ಜೇಡಿ ತುಂಬಿರುತ್ತದೆ, ಕೆಲವು ಖಾಲಿ. ನಡುವೆ ಕಬ್ಬಿಣದ ಅಂಶ ಜಾಸ್ತಿ ಇರುವ ಗಂಟು. ಬಿಟ್ ಗಂಟಿಗೆ ತಾಗಿದರೆ ಪಕ್ಕಕ್ಕೆ ಜಾರುತ್ತದೆ, ಜೇಡಿಗೆ ತಾಗಿದರೆ ಒಮ್ಮೆಲೇ ಒಳಗೆ ಹೋಗುತ್ತದೆ.

ಇನ್ನು ಮಷಿನ್ ಹೊಡೆಯುವ ರೀತಿ. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲು ಇರುವ ಎರಡು ಬಿಲ್ಲೆ ಒಂದಕ್ಕೊಂದು ಉಜ್ಜಿ ನಡುಗುತ್ತವೆ. ಪೆಟ್ಟು ಸಣ್ಣದು, ಆದರೆ ನಿಮಿಷಕ್ಕೆ 40 ಸಾವಿರದ ಮೇಲೆ ಬೀಳುತ್ತದೆ. ನಾವು ಒತ್ತಿದಷ್ಟೇ ಅದರ ಬಲ. ರೋಟರಿ ಹ್ಯಾಮರಿನೊಳಗೆ ಪಿಸ್ಟನ್ ಇದೆ, ಗಾಳಿಯ ಒತ್ತಡದಿಂದ ಸುತ್ತಿಗೆಯ ಏಟು ಹಾಕುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಏಟು ಮಾತ್ರ, ಆದರೆ ಒಂದೊಂದೂ ದಪ್ಪ. ಕಾಂಕ್ರೀಟಿಗೆ ಅಂಥ ಏಟೇ ಬೇಕು. ಚಿರೇಕಲ್ಲಿಗೆ ಅದು ಬೇಡ.

ಇದು ನಮಗೆ ತಿಳಿದದ್ದು ಗೀಸರ್ ಕೂರಿಸುವಾಗ. ಕೂರಿಸಲು ಬಂದ ಹುಡುಗ ರೋಟರಿ ಹ್ಯಾಮರ್ ತಂದಿದ್ದ. "ಚಿರೇಕಲ್ಲು, ಹ್ಯಾಮರ್ ಬಂದ್ ಮಾಡಿ ಕೊರೆಯಪ್ಪ" ಅಂದರೆ ನಕ್ಕ. ಹತ್ತು ಎಂಎಂ ಬಿಟ್ ಹಾಕಿ ಒತ್ತಿದ. ಮುಂದೆ ಟೈಲ್ಸಿನಲ್ಲಿ ಚೆಂದದ ಗುಂಡು ತೂತು ಕಂಡಿತು. ಹಿಂದೆ ಕಲ್ಲು ಒಡೆದು ಹೆಬ್ಬೆರಳು ಹೋಗುವಷ್ಟು ಪೊಳ್ಳಾಗಿತ್ತು. ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಹಾಕಿದರೆ ಅದು ಸ್ಕ್ರೂ ಜೊತೆಗೇ ತಿರುಗುತ್ತಿತ್ತು. ಅವನು ಸಂದಿಗೆ ಕಡ್ಡಿ ಚೂರು ತುರುಕಿ, ಸ್ಕ್ರೂ ಬಿಗಿಸಿ, ಸಹಿ ಹಾಕಿಸಿಕೊಂಡು ಹೋದ. 15 ಲೀಟರ್ ಗೀಸರ್ ನೀರು ತುಂಬಿದ ಮೇಲೆ 20 ಕಿಲೋ ದಾಟುತ್ತದೆ. ಸ್ವಲ್ಪ ದಿನದಲ್ಲಿ ಒಂದು ಕಡೆ ವಾಲಿತು. ಪೈಪು ಹಿಡಿದುಕೊಂಡಿದ್ದಕ್ಕೆ ಕೆಳಗೆ ಬೀಳಲಿಲ್ಲ. ಫೋನ್ ಮಾಡಿದರೆ ಗೋಡೆ ಸರಿ ಇಲ್ಲ ಅಂದರು. ಗೋಡೆ ಮಾವನವರ ಕಾಲದಿಂದ ನಿಂತೇ ಇದೆ, ಸರಿ ಇಲ್ಲದ್ದು ಯಾವುದು ಅಂತ ನೀವೇ ಹೇಳಿ.

ನಿಜವಾದ ತಲೆನೋವು ಅಂದರೆ ಜಗುಲಿಯ ಕೊಕ್ಕೆಗಳು. ಮಳೆಗಾಲದಲ್ಲಿ ಎರಚಲು ಬಾರದ ಹಾಗೆ ಜಗುಲಿಗೆ ತಾಡಪಾಲು ಕಟ್ಟುತ್ತೇವೆ. ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಜೂನ್ ಮೊದಲ ವಾರದಿಂದ ಗಾಳಿ ಪಡುವಣದಿಂದ ಬೀಸುತ್ತದೆ, ತಾಡಪಾಲು ಹಾಯಿಯ ಹಾಗೆ ಉಬ್ಬುತ್ತದೆ, ಕೊಕ್ಕೆಯನ್ನು ಜಗ್ಗಿ ಜಗ್ಗಿ ಬಿಡುತ್ತದೆ. ಸುಮ್ನೆ ತೂಗುವ ಭಾರ ಬೇರೆ, ಹೀಗೆ ಜಗ್ಗುವ ಭಾರ ಬೇರೆ. ಗೋಡೆಗೆ ಹಾಕಿದ ಫೋಟೋ ಕೆಳಮುಖವಾಗಿ ಎಳೆಯುತ್ತದೆ, ತೂತು ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ. ತಾಡಪಾಲು ಪ್ಲಗ್ಗನ್ನು ನೇರ ಹೊರಗೆ ಎಳೆಯುತ್ತದೆ. ಒಂದು ಇಂಚಿನ ಬಿಳಿ ಪ್ಲಗ್ ಎಲ್ಲ ಒಂದು ರಾತ್ರಿಯ ಗಾಳಿಗೆ ಕೈಗೆ ಬರುತ್ತವೆ.

ಈ ಒಂದು ಕೆಲಸಕ್ಕೆ ಮೂರೂ ಮಷಿನ್ ಹಿಡಿದೆ. ಭಾವನ ರೋಟರಿಯನ್ನು ಹ್ಯಾಮರ್ ಬಂದ್ ಮಾಡಿಯೇ ಹಿಡಿದೆ. ಬರೀ ತಿರುಗಿಸುವ ಗುಂಡಿಗೆ ಇಟ್ಟರೆ ಕಲ್ಲು ಒಡೆಯುವುದಿಲ್ಲ, ಅದು ನಿಜ. ಆದರೆ ರೋಟರಿಗೇ ಅಂತ ಬರುವ ಎಸ್‌ಡಿಎಸ್ ಬಿಟ್ ಚಕ್ಕಿನಲ್ಲಿ ಬಿಗಿಯಾಗಿ ಕೂರುವುದಿಲ್ಲ, ಹಿಂದೆ ಮುಂದೆ ಜಾರಲು ಜಾಗ ಇರಲೇಬೇಕು. ಇಲ್ಲದಿದ್ದರೆ ಒಳಗಿನ ಏಟು ಅದಕ್ಕೆ ತಲುಪುವುದಿಲ್ಲ. ಆ ಸಡಿಲದಿಂದ ತುದಿ ಅಲುಗುತ್ತದೆ. ಗಟ್ಟಿ ಕಾಂಕ್ರೀಟಿನಲ್ಲಿ ಗೊತ್ತಾಗುವುದಿಲ್ಲ, ಮೆತ್ತಗಿನ ಕಲ್ಲಿನಲ್ಲಿ ತೂತಿನ ಬಾಯಿ ಅಗಲ ಆಗುತ್ತದೆ. ಮೇಲಾಗಿ ಮೂರು ಕಿಲೋ ಹತ್ತಿರದ ಮಷಿನ್ ಎತ್ತಿಕೊಂಡು ಸ್ಟೂಲಿನ ಮೇಲೆ ತಲೆಗಿಂತ ಎತ್ತರಕ್ಕೆ ಕೊರೆಯಬೇಕು. ಭಾವನ ಕೈಗೆ ಅದು ಆಟಿಗೆ, ನನ್ನ ಕೈಗೆ ಅಲ್ಲ.

ಬ್ಯಾಟರಿ ಡ್ರಿಲ್ ಹಗುರ, ವಯರಿನ ರಗಳೆ ಇಲ್ಲ. ಜಗುಲಿಯಲ್ಲಿ ಪ್ಲಗ್ ಪಾಯಿಂಟ್ ಇಲ್ಲದ್ದಕ್ಕೆ ಇದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಮೆತ್ತಗಿನ ಜಾಗದಲ್ಲಿ ಸಲೀಸಾಗಿ ಹೋಯಿತು. ಗಂಟು ಸಿಕ್ಕಲ್ಲಿ ಗುಂಯ್ ಅನ್ನುತ್ತ ನಿಂತುಬಿಟ್ಟಿತು. ಅದರ ವೇಗ ಕಡಿಮೆ, ಒತ್ತಿದರೆ ಬ್ಯಾಟರಿ ಬಿಸಿಯಾಗಿ ತಾನೇ ಬಂದ್ ಆಗುತ್ತದೆ. ಆರಿದ ಮೇಲೆ ಮತ್ತೆ ಶುರು. ಎರಡು ಬ್ಯಾಟರಿ ಇದ್ದರೆ ಈ ರಗಳೆ ಕಡಿಮೆ, ಆದರೆ ಎರಡನೆಯ ಬ್ಯಾಟರಿಯ ಬೆಲೆ ಕೇಳಿದರೆ ನನ್ನ ಇಡೀ ಡ್ರಿಲ್ಲೇ ಬರುತ್ತದೆ ಅನ್ನಿಸಿತು.

ನನ್ನ ಮಷಿನ್‌ನಲ್ಲಿ ಮೇಲೆ ಒಂದು ಸಣ್ಣ ಗುಂಡಿ ಇದೆ. ಒಂದು ಕಡೆ ಸುತ್ತಿಗೆ ಚಿತ್ರ, ಇನ್ನೊಂದು ಕಡೆ ಬಿಟ್ಟಿನ ಚಿತ್ರ. ಬಿಟ್ಟಿನ ಕಡೆಗೆ ಸರಿಸಿದರೆ ನಡುಗುವುದಿಲ್ಲ, ಬರೀ ತಿರುಗುತ್ತದೆ. ಚಿರೇಕಲ್ಲಿಗೆ ಹಾಗೇ ಕೊರೆಯಬೇಕು. ಮೂರು ದವಡೆಯ ಚಕ್ಕನ್ನು ಕೀ ಹಾಕಿ ಬಿಗಿದರೆ ಬಿಟ್ ಅಲುಗುವುದಿಲ್ಲ, ತೂತು ನೇರ ಬರುತ್ತದೆ. ಗಂಟು ಸಿಕ್ಕಿತು ಅನ್ನಿಸಿದರೆ ಒಂದೆರಡು ಕ್ಷಣ ಸುತ್ತಿಗೆಗೆ ಸರಿಸಿ, ಗಂಟು ದಾಟಿದ ಕೂಡಲೇ ವಾಪಸ್ಸು. ರೋಟರಿಯಲ್ಲೂ ಹೀಗೆ ಬದಲಿಸಬಹುದು, ಆದರೆ ಅದರ ಸುತ್ತಿಗೆ ಒಂದು ಕ್ಷಣಕ್ಕೇ ಅಕ್ಕಪಕ್ಕದ ಕಲ್ಲನ್ನು ಉದುರಿಸಿಬಿಡುತ್ತದೆ. ನನ್ನದು ಅಷ್ಟು ದುಷ್ಟ ಅಲ್ಲ. ಬಲ ಕಡಿಮೆ ಇರುವುದೇ ಇಲ್ಲಿ ಲಾಭ.

ಕೊಕ್ಕೆ ನಿಲ್ಲಲು ಮಷಿನ್ ಒಂದೇ ಸಾಲದು. ಮೊದಲು 4 ಎಂಎಂ ಬಿಟ್‌ನಿಂದ ತೆಳ್ಳಗೆ ಕೊರೆದು ನೋಡುತ್ತೇನೆ. ಬಿಟ್ ಒಮ್ಮೆಲೇ ಒಳಗೆ ಜಾರಿದರೆ ಅಲ್ಲಿ ಪೊಳ್ಳಿದೆ, ಆ ಜಾಗ ಬಿಟ್ಟು ನಾಲ್ಕು ಬೆರಳು ಆಚೆ ಹೋಗುತ್ತೇನೆ. ಕೆಂಪು ಪುಡಿ ಒಂದೇ ಸಮನೆ ಬಂದರೆ ಜಾಗ ಒಳ್ಳೆಯದು. 8 ಎಂಎಂ ಪ್ಲಗ್ಗಿಗೆ 8ರ ಬಿಟ್ ಹಾಕುವುದಿಲ್ಲ, 7 ಹಾಕುತ್ತೇನೆ. ಈ ಕಲ್ಲಿನಲ್ಲಿ ತೂತು ಯಾವಾಗಲೂ ಬಿಟ್ಟಿಗಿಂತ ಸ್ವಲ್ಪ ದೊಡ್ಡದೇ ಆಗುತ್ತದೆ. ಪ್ಲಗ್ ಉದ್ದದ್ದು ಬೇಕು, 80 ಮಿಲಿಮೀಟರಿನದು. ಒಳಗಡೆ ಅರ್ಧ ಇಂಚು ಪ್ಲಾಸ್ಟರಿಗೇ ಹೋಗುತ್ತದೆ, ಅದು ಭಾರ ಹೊರುವುದಿಲ್ಲ. ಹೊರಗೆ ಪ್ಲಾಸ್ಟರ್ ಇಲ್ಲದಿದ್ದರೂ ಮಳೆ ತಿಂದ ಮೇಲ್ಪದರ ಉದುರುತ್ತದೆ. ಹಿಡಿತ ಏನಿದ್ದರೂ ಒಳಗೆ ಸಿಗಬೇಕು.

ಗಾಳಿಗೆ ಜಗ್ಗುವ ಕೊಕ್ಕೆಗೆ ಇನ್ನೊಂದು ಹೆಜ್ಜೆ ಇದೆ. ಇದನ್ನು ನಮ್ಮ ಆಚಾರಿ ಹೇಳಿಕೊಟ್ಟರು. ತೂತಿನ ಪುಡಿಯನ್ನೆಲ್ಲ ಸೈಕಲ್ ಪಂಪಿನಿಂದ ಊದಿ ತೆಗೆಯಬೇಕು. ಆಮೇಲೆ ನೀರು ಬಿಡಬೇಕು. ಚಿರೇಕಲ್ಲು ನೀರು ಕುಡಿಯುವ ಜಾತಿ, ಒಣ ತೂತಿಗೆ ಸಿಮೆಂಟ್ ಹಾಕಿದರೆ ಅದರ ನೀರನ್ನು ಕಲ್ಲೇ ಹೀರಿ ಸಿಮೆಂಟ್ ಪುಡಿಯಾಗಿ ಉಳಿಯುತ್ತದೆ. ತೇವ ಆದ ತೂತಿಗೆ ಬರೀ ಸಿಮೆಂಟಿನ ಗಟ್ಟಿ ಹಿಟ್ಟು ತುಂಬಿ, ಪ್ಲಗ್ ತಳ್ಳಿ, ಎರಡು ದಿನ ಮುಟ್ಟದೆ ಬಿಟ್ಟು, ಆಮೇಲೆ ಸ್ಕ್ರೂ. ಪಕ್ಕದ ಪೊಳ್ಳಿಗೆಲ್ಲ ಸಿಮೆಂಟ್ ಹೋಗಿ ಒಳಗೇ ಒಂದು ಗಡ್ಡೆ ಆಗುತ್ತದೆ. ಹೀಗೆ ಹಾಕಿದ ಕೊಕ್ಕೆಗಳು ಮಳೆಗಾಲ ದಾಟಿ ಹಾಗೇ ಇವೆ. ಅಂಟಿನ ಟ್ಯೂಬ್, ಜಾಲರಿಯ ತೋಳು ಹಾಕಿ ಮಾಡುವ ಕೆಮಿಕಲ್ ವಿಧಾನವೂ ಇದೆ. ಪೊಳ್ಳು ಗೋಡೆಗೆ ಅದು ಇನ್ನೂ ಗಟ್ಟಿ. ಗೀಸರನ್ನು ಭಾವ ಕೊನೆಗೆ ಅದರಲ್ಲೇ ಕೂರಿಸಿಕೊಟ್ಟರು. ಆದರೆ ದುಬಾರಿ. ನಾಲ್ಕು ಕೊಕ್ಕೆಗೆ ನಾನು ತರುವುದಿಲ್ಲ.

ಸ್ಕ್ರೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಳದಿ ಹೊಳಪಿನ ಸ್ಕ್ರೂ ನಮ್ಮ ಉಪ್ಪು ಗಾಳಿಗೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. 304 ಸ್ಟೇನ್‌ಲೆಸ್ ಕೇಳಿ. ಸಮುದ್ರಕ್ಕೆ ತೀರಾ ಹತ್ತಿರ ಇದ್ದರೆ 316. ಶಿರಸಿ ಕಡೆಯವರಿಗೆ ಇಷ್ಟು ಬೇಕಾಗಿಲ್ಲ, ಅಲ್ಲಿ ಮಳೆ ಇದೆ, ಉಪ್ಪಿಲ್ಲ.

ಈಗ ರೋಟರಿಯ ಪರವಾಗಿ ಎರಡು ಮಾತು ಹೇಳದಿದ್ದರೆ ಭಾವ ಮಾತು ಬಿಡುತ್ತಾರೆ. ಕಿಟಕಿಯ ಪರದೆ ರಾಡ್ ಹಾಕುವ ಜಾಗ ಬಹಳ ಮನೆಗಳಲ್ಲಿ ಲಿಂಟಲ್, ಅಂದರೆ ಕಿಟಕಿಯ ನೆತ್ತಿಯ ತೊಲೆ, ಅದರ ಮೇಲೆಯೇ ಬರುತ್ತದೆ. ಅದು ಕಾಂಕ್ರೀಟು. ಅಲ್ಲಿ ನನ್ನ ಡ್ರಿಲ್ ಕಿರುಚಿತು, ಬಿಟ್ಟಿನ ತುದಿ ನೀಲಿಯಾಯಿತು, ಅರ್ಧ ಇಂಚು ಹೋಗಲಿಲ್ಲ. ರೋಟರಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸಿತು. ನಾವು ಒತ್ತುವುದೂ ಬೇಡ, ಹಿಡಿದುಕೊಂಡರೆ ಸಾಕು. ಸ್ಲ್ಯಾಬಿಗೆ ಫ್ಯಾನಿನ ಕೊಕ್ಕೆ, ಬಟ್ಟೆ ಒಣಗಿಸುವ ರಾಡಿನ ಬ್ರ್ಯಾಕೆಟ್, ಇವಕ್ಕೆಲ್ಲ ಅದೇ ಬೇಕು. ಬಿಟ್ ಒಳಗಿನ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡರೆ ಅದರ ಕ್ಲಚ್ ಜಾರಿ ಕೈಯನ್ನು ಉಳಿಸುತ್ತದೆ. ನನ್ನ ಮಷಿನ್‌ಗೆ ಆ ಕ್ಲಚ್ ಇಲ್ಲ, ಮಣಿಕಟ್ಟು ತಿರುಚುತ್ತದೆ. ಆದ್ದರಿಂದ ಪಕ್ಕದ ಹಿಡಿಯನ್ನು ಹಾಕದೆ ನಾನು ಅದನ್ನು ಮುಟ್ಟುವುದಿಲ್ಲ. ಉಳಿ ಹಾಕಿದರೆ ರೋಟರಿ ಹಳೆಯ ಟೈಲ್ಸೂ ಕೀಳುತ್ತದೆ. ಆದರೆ ಮನೆಯಲ್ಲಿ ಟೈಲ್ಸ್ ಕೀಳುವುದು ಎಷ್ಟು ವರ್ಷಕ್ಕೊಮ್ಮೆ?

ಬ್ಯಾಟರಿ ಡ್ರಿಲ್ ನಿಜವಾಗಿ ಕೆಲಸಕ್ಕೆ ಬಂದದ್ದು ಮರಕ್ಕೆ. ಕಪಾಟಿನ ಬಾಗಿಲಿನ ಬಿಜಾಗರಿ, ಕೋಳಿಗೂಡಿನ ಹಲಗೆ, ಹೂಕುಂಡ ಇಡುವ ಮೆಟ್ಟಿಲು. ಸ್ಕ್ರೂ ಹಾಕುವಾಗ ಎಷ್ಟು ಬಿಗಿ ಬೇಕು ಅಂತ ಉಂಗುರ ತಿರುಗಿಸಿ ಇಡಬಹುದು, ಸ್ಕ್ರೂ ತಲೆ ಹಾಳಾಗುವುದಿಲ್ಲ. ನನ್ನ ವಯರಿನ ಡ್ರಿಲ್ಲಿನಲ್ಲಿ ಈ ನಾಜೂಕು ಇಲ್ಲ. ಮಳೆಗಾಲದಲ್ಲಿ ಕರೆಂಟ್ ಇಲ್ಲದಾಗ ಕೆಲಸಕ್ಕೆ ಬರುವುದೂ ಇದೊಂದೇ. ಬಳಸದೆ ಬಿಟ್ಟರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಇಡಬೇಕು, ಪೂರ್ತಿ ಖಾಲಿ ಬಿಟ್ಟರೆ ಸಾಯುತ್ತದೆ. ವರ್ಷಕ್ಕೆ ಕೆಲವೇ ಸಲ ಡ್ರಿಲ್ ಹಿಡಿಯುವ ನನ್ನಂಥವರಿಗೆ ಈ ನೆನಪು ಇರುವುದಿಲ್ಲ. ವಯರಿನದ್ದಕ್ಕೆ ಈ ಹಂಗಿಲ್ಲ, ಕಪಾಟಿನಿಂದ ತೆಗೆದು ಚುಚ್ಚಿದರೆ ಓಡುತ್ತದೆ.

ವೋಲ್ಟೇಜ್ ಇಳಿದಾಗ ವಯರಿನದು ಸುಸ್ತಾಗುತ್ತದೆ. ಸಂಜೆ ಎಲ್ಲರ ಮನೆ ದೀಪ ಹತ್ತಿದ ಮೇಲೆ ನಾನು ಕೆಲಸ ಹಿಡಿಯುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಒಳ್ಳೆಯದು, ಅಕ್ಕಪಕ್ಕದವರ ನಿದ್ದೆಯ ಬಗ್ಗೆ ಯೋಚಿಸದಿದ್ದರೆ.

ಸದ್ದು: ರೋಟರಿ ಗುಡುಗುತ್ತದೆ, ಇಂಪ್ಯಾಕ್ಟ್ ಕಿರುಚುತ್ತದೆ. ಕಿರುಚುವುದೇ ಜಾಸ್ತಿ ಕಿರಿಕಿರಿ. ಸುತ್ತಿಗೆ ಬಂದ್ ಇದ್ದರೆ ಮಿಕ್ಸರಿಗಿಂತ ಜಾಸ್ತಿ ಅನ್ನಿಸುವುದಿಲ್ಲ.

ಧೂಳು ಮೂರರದ್ದೂ ಒಂದೇ. ಕೆಂಪು ಪುಡಿ ಬಿಳಿ ಗೋಡೆಗೆ ಅಂಟಿದರೆ ಒರೆಸಿದಷ್ಟೂ ಹರಡುತ್ತದೆ. ತೂತಿನ ಕೆಳಗೆ ಹಳೆಯ ಕ್ಯಾಲೆಂಡರ್ ಹಾಳೆಯನ್ನು ಜೇಬಿನ ಹಾಗೆ ಮಡಚಿ ಟೇಪಿನಿಂದ ಅಂಟಿಸಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಒಣ ಬ್ರಶ್ ಸಾಕು.

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಯಾವ ಮಷಿನ್‌ನಿಂದಲೂ ಕೊರೆಯಬೇಡಿ. ಒಳಗೆ ವಯರ್ ಇರುತ್ತದೆ.

ನಮ್ಮೂರಿನ ಗಾಳಿಗೆ ಮಷಿನ್ ಇಡುವುದೂ ಒಂದು ಕೆಲಸ. ನನ್ನ ಡ್ರಿಲ್ಲಿನ ಚಕ್ಕಿಗೆ, ಕೀ ಹಲ್ಲಿಗೆ ಹೊಲಿಗೆ ಮಷಿನ್ ಎಣ್ಣೆ ಹಚ್ಚಿ ಡಬ್ಬಿಯಲ್ಲಿ ಇಡುತ್ತೇನೆ. ರೋಟರಿಯ ಎಸ್‌ಡಿಎಸ್ ಬಿಟ್ಟಿನ ಬುಡಕ್ಕೆ ಗ್ರೀಸ್ ಬೇಕೇ ಬೇಕು, ಅದು ಕೈಗೂ ಬಟ್ಟೆಗೂ ಅಂಟುತ್ತದೆ. ಮತ್ತೆ ಆ ಬಿಟ್‌ಗಳು ಮಾಮೂಲಿ ಡ್ರಿಲ್ಲಿಗೆ ಆಗುವುದಿಲ್ಲ, ಮಾಮೂಲಿ ಬಿಟ್ ಅದಕ್ಕೆ ಆಗುವುದಿಲ್ಲ. ಮಧ್ಯೆ ಅಡಾಪ್ಟರ್ ಹಾಕಿದರೆ ಇನ್ನೂ ಉದ್ದ, ಇನ್ನೂ ಅಲುಗಾಟ. ಕಬ್ಬಿಣ, ಮರ, ಕಲ್ಲು ಎಲ್ಲಕ್ಕೂ ಒಂದೇ ಚಕ್ ಸಾಕು ಅನ್ನುವುದು ನನ್ನ ಮಷಿನ್‌ನ ದೊಡ್ಡ ಗುಣ. ಗೇಟಿನ ಕಬ್ಬಿಣದ ಪಟ್ಟಿಗೂ ಅದರಲ್ಲೇ ತೂತು ಹಾಕಿದೆ.

ಹಾಗಾದರೆ ಯಾರಿಗೆ ಯಾವುದು? ಹೊಸ ಮನೆ, ಪಿಲ್ಲರ್-ಬೀಮಿನ ಕಟ್ಟಡ, ಮೇಲೆಲ್ಲ ಸ್ಲ್ಯಾಬು, ಮನೆಯಲ್ಲಿ ಭಾರ ಎತ್ತುವವರು ಇದ್ದಾರೆ ಅಂದರೆ ರೋಟರಿ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಬಡಗಿ ಕೆಲಸದ ಹುಚ್ಚು ಇದ್ದವರಿಗೆ ಬ್ಯಾಟರಿ. ಚಿರೇಕಲ್ಲಿನ ಗೋಡೆ, ತಿಂಗಳಿಗೊಂದು ಕೊಕ್ಕೆ, ಬಜೆಟ್ ಮೂರ್ನಾಲ್ಕು ಸಾವಿರ ಅಂದರೆ ನನ್ನದೇ ಸಾಕು. ಲಿಂಟಲಿಗೆ ನಾಲ್ಕು ತೂತು ಬೇಕಾದರೆ ರೋಟರಿಯನ್ನು ಒಂದು ದಿನಕ್ಕೆ ಬಾಡಿಗೆಗೆ ತನ್ನಿ, ಇಲ್ಲ ಭಾವನಂಥವರನ್ನು ಹಿಡಿಯಿರಿ. ನಾನು ಮನೆಯ ಲಿಂಟಲ್ ಕೆಲಸವನ್ನೆಲ್ಲ ಕೂಡಿಟ್ಟು ಅವರು ಹಬ್ಬಕ್ಕೆ ಬಂದಾಗ ಮಾಡಿಸುತ್ತೇನೆ.

ಉಳಿದ ದುಡ್ಡಿಗೆ ಒಳ್ಳೆಯ ಬಿಟ್ ತನ್ನಿ. ಡಬ್ಬಿಯ ಜೊತೆ ಪುಕ್ಕಟೆ ಬರುವ ಬಿಟ್ಟಿನ ತುದಿ ಮೊದಲ ಗಂಟಿಗೇ ಮೊಂಡಾಗುತ್ತದೆ. 7ರ ಬಿಟ್ ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ, 6, 8, 10 ಅಷ್ಟೇ ಇಟ್ಟಿರುತ್ತಾರೆ. 8 ಕೊಟ್ಟು "ನಡೀತದೆ ತಕೊಳ್ಳಿ" ಅಂದರೆ ತೆಗೆದುಕೊಳ್ಳಬೇಡಿ. 6.5 ಸಿಕ್ಕರೂ ಆಗುತ್ತದೆ, ಕೊರೆದ ಮೇಲೆ ಅದನ್ನೇ ಎರಡು ಸಲ ಒಳಗೆ ಹೊರಗೆ ಆಡಿಸಿದರೆ ಪ್ಲಗ್ ಸುತ್ತಿಗೆಯ ಸಣ್ಣ ಪೆಟ್ಟಿಗೆ ಒಳಗೆ ಹೋಗುತ್ತದೆ.